ಜೋಳದ ಡಬ್ಬಿಯಲ್ಲಿ ನುಸಿ

ಊರಿಂದ ಅತ್ತೆ ಕಳಿಸಿದ್ದ ಎರಡು ತಳಿಯ ಜೋಳವನ್ನು ರಾಜಾಜಿನಗರದ ನಮ್ಮ ಅಡುಗೆಮನೆಯಲ್ಲಿ ಒಂದೇ ಶೆಲ್ಫಿನಲ್ಲಿಟ್ಟು ಮಳೆಗಾಲ ಪೂರ್ತಿ ಮರೆತುಬಿಟ್ಟಿದ್ದೆ, ತಪ್ಪು ನಂದೇ. ನಿನ್ನೆ ತೆಗೆದರೆ ಒಂದು ಡಬ್ಬಿಯ ತಳದಲ್ಲಿ ಬರೀ ಹಿಟ್ಟು, ಕಾಳಿಗೊಂದು ತೂತು, ಮೂತಿ ಚಾಚಿಕೊಂಡು ಓಡಾಡುವ ಕಂದು ಹುಳುಗಳು. ಪಕ್ಕದ ಡಬ್ಬಿಯಲ್ಲಿ ನಾಲ್ಕೈದು ಅಷ್ಟೇ! ಎರಡನ್ನೂ ಕಚ್ಚಿ ನೋಡಿದೆ (ತೂತಿಲ್ಲದ ಕಾಳನ್ನೇ, ಗಾಬರಿ ಬೇಡ). ಹಾಳಾದದ್ದು ಸುಣ್ಣದಂತೆ ಪುಡಿಯಾಯಿತು, ಉಳಿದದ್ದು ಗಾಜಿನಂತೆ ಗಟ್ಟಿ.

ಹೆಣ್ಣು ಹುಳು ಕಾಳು ಕೊರೆದು, ಮೊಟ್ಟೆ ಇಟ್ಟು, ಮೇಲೆ ಅಂಟು ಮೆತ್ತಿ ಮುಚ್ಚಿಬಿಡುತ್ತದೆ. ಮರಿ ಒಳಗೇ ತಿಂದು ಬೆಳೆದು, ಸೆಕೆ ಇದ್ದರೆ ತಿಂಗಳೊಳಗೋ ಆಸುಪಾಸಿನಲ್ಲೋ ಹೊರಬರುತ್ತದೆ. ಮೆತ್ತಗಿನ ಕಾಳು ಕೊರೆಯೋದು ಸುಲಭ ಅಲ್ವಾ, ಅಲ್ಲಿ ಕಾಟ ಜಾಸ್ತಿ. ಗಟ್ಟಿ ತಳಿಯೂ ತೇವ ಕುಡಿದರೆ ಕಷ್ಟವೇ. ಇವತ್ತು ಅದನ್ನು ಮಹಡಿ ಮೇಲೆ ಹರವಿದ್ದೇನೆ, ಮೋಡ ಬಿಡ್ತಿಲ್ಲ.