ಒಲೆ ಆರಿಸಿದ ಇಪ್ಪತ್ತು ಸೆಕೆಂಡು

17 ನವೆಂಬರ್ 2024, ಭಾನುವಾರ ರಾತ್ರಿ

ಅಕ್ಕನ ಫೋನು. ಹಂಗೇರಿಯ ಮಾಂಸದ ಸಾರು ಗೂಲಾಷ್ ಮಾಡಲು ಹೊರಟಿದ್ದಳು. ಹಲೋ ಇಲ್ಲ, ಏನಿಲ್ಲ. "ಗೂಲಾಷ್ ಕಹಿ ಆಯ್ತು ಕಣೇ. ಸಕ್ಕರೆ ಹಾಕಲಾ?"

"ಪ್ಯಾಪ್ರಿಕಾ ಹಾಕುವಾಗ ಒಲೆ ಉರೀತಿತ್ತಾ ಅಕ್ಕಾ?"

"ಇನ್ನೇನು, ಒಲೆ ಆರಿಸಿ ಅಡುಗೆ ಮಾಡ್ತಾರಾ?"

ಅದೊಂದು ಕೆಲಸವನ್ನು ಮಾತ್ರ ಆರಿಸಿಯೇ ಮಾಡಬೇಕು. ಪ್ಯಾಪ್ರಿಕಾ ಅಂದರೆ ಸಿಹಿ ಕೆಂಪು ಮೆಣಸಿನ ನುಣ್ಣನೆ ಪುಡಿ, ಸಕ್ಕರೆಯ ಅಂಶ ಚೆನ್ನಾಗಿಯೇ ಇರುತ್ತದೆ. ಉರಿಯ ಮೇಲಿರುವ ಕೊಬ್ಬಿಗೆ ಬಿದ್ದರೆ ನೋಡನೋಡುತ್ತಲೇ ಸೀದು ಕಂದಾಗುತ್ತದೆ. ಹಾಗಂತ ನೀರಿನಲ್ಲಿ ಕದಡಿ ಹಾಕುವ ಹಾಗೂ ಇಲ್ಲ. ಅದರ ಕೆಂಪು ಬಿಡುವುದು ಕೊಬ್ಬಿನಲ್ಲೇ, ನೀರಿಗೆ ಹಾಕಿದರೆ ಸಾರು ಮಂಕಾಗಿ ಇಟ್ಟಿಗೆ ಬಣ್ಣಕ್ಕೆ ಕೂರುತ್ತದೆ. ಹಾಗಾಗಿ ಪಾತ್ರೆ ಕೆಳಗಿಳಿಸಿ, ಇಪ್ಪತ್ತು ಎಣಿಸಿ, ಪುಡಿ ಸುರಿದು, ಎರಡು ಸುತ್ತು ಕೈಯಾಡಿಸಿ, ತಕ್ಷಣ ಅರ್ಧ ಲೋಟ ನೀರು. ಆಮೇಲೆ ಮಾಂಸ. ಆಮೇಲೆ ಮತ್ತೆ ಒಲೆ.

ಸಕ್ಕರೆ ಹಾಕಿದರೆ ಸಿಹಿಯಾದ ಕಹಿ ಆಗುತ್ತದೆ, ಅಷ್ಟೇ. ಮಾಂಸ ಹಾಕುವ ಮೊದಲೇ ಸೀದ ವಾಸನೆ ಗೊತ್ತಾದರೆ ಈರುಳ್ಳಿ ಚೆಲ್ಲಿ ಪಾತ್ರೆ ತೊಳೆದು ಹೊಸದಾಗಿ ಶುರುಮಾಡುವುದೇ ಉಳಿತಾಯ. ಹೋಗುವುದು ಮೂರು ಈರುಳ್ಳಿ. ಅಕ್ಕ ಮಾಂಸ ಹಾಕಿಯಾಗಿತ್ತು.

ಅವಳ ಎರಡನೇ ದೂರು, ಸಾರು ನೀರುನೀರು, ಮೈದಾ ಕದಡಿ ಹಾಕಬೇಕಾಯಿತು ಅಂತ. ಅರ್ಧ ಕೆಜಿ ಮಾಂಸಕ್ಕೆ ಈರುಳ್ಳಿ ಎಷ್ಟು ಅಂದರೆ "ಒಂದು". ಒಂದು! 350 ಗ್ರಾಂ ಆದರೂ ಬೇಕು, ಸಣ್ಣಗೆ ಹೆಚ್ಚಿ. ಎರಡು ದೊಡ್ಡ ಚಮಚ ಕೊಬ್ಬು, ಚಿಟಿಕೆ ಉಪ್ಪು, ಸಣ್ಣ ಉರಿ, ಹದಿನೈದಿಪ್ಪತ್ತು ನಿಮಿಷ. ಉಪ್ಪು ಬಿದ್ದರೆ ಈರುಳ್ಳಿ ನೀರು ಬಿಟ್ಟುಕೊಂಡು ಅದರಲ್ಲೇ ಬೇಯುತ್ತದೆ. ಗಾಜಿನ ಹಾಗೆ ಪಾರದರ್ಶಕವಾಗಿ, ಅಂಚಿನಲ್ಲಿ ಸ್ವಲ್ಪ ಹೊಂಬಣ್ಣ ಬಂದರೆ ಸಾಕು. ಕಡುಕಂದು ಬಣ್ಣಕ್ಕೆ ಹುರಿದರೆ ಅದು ಕರಗುವುದಿಲ್ಲ, ಸಾರಿನಲ್ಲಿ ಚೂರುಚೂರಾಗಿ ತೇಲುತ್ತದೆ. ಎರಡು ಗಂಟೆ ಕಳೆದ ಮೇಲೆ ಪಾತ್ರೆಯಲ್ಲಿ ಈರುಳ್ಳಿ ಎಲ್ಲಿದೆ ಅಂತ ಹುಡುಕಬೇಕು. ಸಾರು ಮಂದವಾಗುವುದು ಅದರಿಂದ. ಮೈದಾ ಯಾಕೆ ಬೇಕು?

ಮಾಂಸವೂ ಅಗ್ಗದ್ದೇ ಆಗಬೇಕು. ದನದ ಮೀನಖಂಡದ ತುಂಡು, ನಡುನಡುವೆ ಬಿಳಿ ನಾರು ಇರುವಂಥದ್ದು. ಆ ನಾರು ನಿಧಾನಕ್ಕೆ ಕರಗಿ ಅಂಟಾಗುತ್ತದೆ, ಸಾರು ತುಟಿಗೆ ಹತ್ತುತ್ತದೆ. ದುಬಾರಿ ಮೆತ್ತನೆ ತುಂಡು ಹಾಕಿದರೆ ದುಡ್ಡೂ ದಂಡ, ಮಾಂಸವೂ ಒಣಕಲು. ಕೊತಕೊತ ಕುದಿಸಲೂಬಾರದು. ಆಗೊಂದು ಈಗೊಂದು ಗುಳ್ಳೆ ಏಳಬೇಕು, ಎರಡರಿಂದ ಎರಡೂವರೆ ಗಂಟೆ. ಅರ್ಧ ಕೆಜಿಗೆ ಪ್ಯಾಪ್ರಿಕಾ ಎರಡು ದೊಡ್ಡ ಚಮಚ, ಜಜ್ಜಿದ ಶಾಜೀರಿಗೆ ಅರ್ಧ ಸಣ್ಣ ಚಮಚ, ಬೆಳ್ಳುಳ್ಳಿ ಎರಡು ಎಸಳು, ಟೊಮೆಟೊ ಒಂದೇ. ನೀರು ಒಟ್ಟು ಒಂದೂಕಾಲು ಲೀಟರ್. ಆದರೆ ಮೊದಲು ಮಾಂಸ ಮುಳುಗುವಷ್ಟೇ, ಮಿಕ್ಕಿದ್ದು ಆಲೂಗಡ್ಡೆಯ ಜೊತೆ. ಸಾದಾ ಖಾರದ ಪುಡಿ ಈ ಲೆಕ್ಕದಲ್ಲಿ ಹಾಕಿದರೆ ಬಾಯಿಗಿಡೋಕಾಗಲ್ಲ. ಹಳೇ ಪ್ಯಾಪ್ರಿಕಾನೂ ಬೇಡ, ಒಣಹುಲ್ಲಿನ ವಾಸನೆ ಬಂತೆಂದರೆ ಅದರ ಕಥೆ ಮುಗಿದಿದೆ.

400 ಗ್ರಾಂ ಆಲೂಗಡ್ಡೆ ಕೊನೆಯ ಅರ್ಧ ಗಂಟೆಗೆ. ಟೊಮೆಟೊ ಜಾಸ್ತಿಯಾದರೆ ಆ ಹುಳಿಗೆ ಆಲೂಗಡ್ಡೆ ಬೇಗ ಮೆತ್ತಗಾಗುವುದೇ ಇಲ್ಲ. ಅಕ್ಕ ನಾಲ್ಕು ಹಾಕಿದ್ದಳಂತೆ. ಕೇಳಿ ಸುಮ್ಮನಾದೆ.

ಇಷ್ಟೆಲ್ಲ ಕೇಳಿಸಿಕೊಂಡು ಅವಳು ಹೇಳಿದ್ದು, "ನಾನು ತಿಂದಿದ್ದು ಗಟ್ಟಿಯಾಗಿತ್ತಪ್ಪ, ನೀನು ಸಾರು ಸಾರು ಅಂತಿದ್ದೀಯ."

ಅದೂ ಸರಿಯೇ. ಗೂಲಾಷ್‌ನ ಮೂಲ ಹೆಸರು ಗುಯಾಷ್, ಹಂಗೇರಿಯಲ್ಲಿ ಹಾಗಂದರೆ ದನಗಾಹಿ. ದನಗಾಹಿಗಳು ಬಯಲಲ್ಲಿ ಬೊಗ್ರಾಚ್ ಅನ್ನುವ ಕೊಪ್ಪರಿಗೆ ತೂಗುಹಾಕಿ ಮಾಡಿಕೊಳ್ಳುತ್ತಿದ್ದ ಊಟ. ಇವತ್ತಿಗೂ ಅಲ್ಲಿ ಆ ಹೆಸರು ಹೇಳಿದರೆ ಬಟ್ಟಲು ತುಂಬ ಸಾರೇ ಬರುವುದು. ಹೊರಗಿನವರು ಗೂಲಾಷ್ ಅಂತ ತಿನ್ನುವ ಗಟ್ಟಿ ಗೊಜ್ಜಿಗೆ ಅಲ್ಲಿನ ಹೆಸರು ಪೋರ್ಕೋಲ್ಟ್. ಅದಕ್ಕೆ ಈರುಳ್ಳಿ ಇನ್ನೂ ಜಾಸ್ತಿ, ನೀರು ಬಹಳ ಕಡಿಮೆ. ಅಮೆರಿಕದ ಮನೆಗಳಲ್ಲಿ ಕೊಚ್ಚಿದ ಮಾಂಸ, ಟೊಮೆಟೊ, ಮ್ಯಾಕರೋನಿ ಬೆರೆಸಿ ಅದನ್ನೂ ಗೂಲಾಷ್ ಅನ್ನುತ್ತಾರೆ. ಮಕ್ಕಳ ಹೊಟ್ಟೆ ತುಂಬುತ್ತದೆ, ತಕರಾರಿಲ್ಲ.

"ಅಷ್ಟು ಹೊತ್ತು ಬೇಯಿಸಿದರೆ ಸತ್ವ ಉಳಿಯತ್ತಾ?" ಹಂಗೇರಿಯ ವಿಜ್ಞಾನಿ ಸೆಂಟ್-ದ್ಯೋರ್ದಿ ಅಲ್ಲಿನ ಸೆಗೆಡ್ ಊರಿನಲ್ಲಿ ರಾಶಿ ವಿಟಮಿನ್ ಸಿ ತೆಗೆದದ್ದು ಇದೇ ಪ್ಯಾಪ್ರಿಕಾ ಮೆಣಸಿನಿಂದ. 1937ರಲ್ಲಿ ನೊಬೆಲ್ ಕೂಡ ಬಂತು. ಆದರೆ ಅದು ಹಸಿ ಕಾಯಿಯ ಮಾತು. ಬೇಕಿದ್ದರೆ ಬಡಿಸುವಾಗ ಹಸಿ ಕ್ಯಾಪ್ಸಿಕಂ ನಾಲ್ಕು ಸೀಳು ಮೇಲೆ ಹಾಕಿಕೊ ಅಂದೆ. ಫೋನ್ ಇಟ್ಟಳು.

ತಿಂಗಳ ಕೊನೆಗೆ ಮಾಂಸ ಕಾಲು ಕೆಜಿಗೆ ಇಳಿಸಿ ಆಲೂಗಡ್ಡೆ ಮುಕ್ಕಾಲು ಕೆಜಿ ಮಾಡಬಹುದು, ಈರುಳ್ಳಿಗೆ ಮಾತ್ರ ಕೈ ಹಚ್ಚಬಾರದು. ಹೊಟ್ಟೆಗೆ ಚಿಪೆಟ್ಕೆ, ಅಂದರೆ ಚಿವುಟಿ ಹಾಕುವ ಹಿಟ್ಟಿನ ತುಣುಕು, ಇದ್ದೇ ಇದೆ. ಒಂದು ಮೊಟ್ಟೆಗೆ ಹಿಡಿಸುವಷ್ಟು ಮೈದಾ, ಸುಮಾರು 90 ಗ್ರಾಂ, ಚಿಟಿಕೆ ಉಪ್ಪು, ನೀರಿಲ್ಲ. ಗಟ್ಟಿಯಾಗಿ ನಾದಿ ಅರ್ಧ ಗಂಟೆ ಮುಚ್ಚಿಟ್ಟು, ಉಗುರಿನಷ್ಟಗಲ ಚಿವುಟಿ ಚಿವುಟಿ ಕುದಿಯುವ ಸಾರಿಗೆ. ತೇಲಿದ ಮೇಲೂ ಎರಡು ನಿಮಿಷ ಬಿಡಬೇಕು, ಇಲ್ಲದಿದ್ದರೆ ನಡುವೆ ಹಿಟ್ಟು ಹಸಿ.

ಒಂದು ಹೇಳೋದು ಮರೆತೆ. ನಾಳೆಗೂ ಆಗಲಿ ಅಂತ ದೊಡ್ಡ ಪಾತ್ರೆಯಲ್ಲಿ ಮಾಡಿದ್ದರೆ ಚಿಪೆಟ್ಕೆ ಅದಕ್ಕೇ ಹಾಕಬಾರದು, ಬೇರೆ ನೀರಲ್ಲಿ ಬೇಯಿಸಿ ಬಟ್ಟಲಿಗೆ ಹಾಕಿಕೊಳ್ಳಬೇಕು. ರಾತ್ರಿಯೆಲ್ಲ ಸಾರು ಕುಡಿದು ಅದು ಬೆಳಗಾಗುವಷ್ಟರಲ್ಲಿ ಇಡ್ಲಿಯಷ್ಟು ಊದಿ... ಈಗ ಹನ್ನೊಂದೂವರೆ. ಮೆಸೇಜ್ ಹಾಕಿದರೆ ನೋಡುತ್ತಾಳೋ, ಇಲ್ಲ ಎಲ್ಲಾ ಸುರಿದು ಮಲಗಿಯೇ ಬಿಟ್ಟಳೋ.