ಹೊಸ ಗ್ರಾಮಾ, ಹಳೆಯ ಸಿಕ್ಸ್‌ಲೈನ್: ಉಪ್ಪುನೀರಿನ ತೊಟ್ಟಿಯಲ್ಲಿ 62 ದಿನ

ಈ ಸಲ ತೊಟ್ಟಿಗೆ ಬಂದಿದ್ದು ಒಂದೇ ಒಂದು ಮೀನು, ರಾಯಲ್ ಗ್ರಾಮಾ. ಮುಂದಿನ ಅರ್ಧ ನೇರಳೆ, ಹಿಂದಿನ ಅರ್ಧ ಹಳದಿ, ಹೆಬ್ಬೆರಳಿನಷ್ಟು ಉದ್ದ. ಅದು ನೆಲೆ ನಿಲ್ಲುವಷ್ಟರಲ್ಲಿ ಎರಡು ತಿಂಗಳು ಕಳೆದವು. ದಿನಾ ನೋಟ್‌ಬುಕ್ಕಿನಲ್ಲಿ ಬರೆದುಕೊಂಡದ್ದನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ತೊಟ್ಟಿ 90 ಸೆಂ.ಮೀ. ಉದ್ದ, 50 ಅಗಲ, 55 ಎತ್ತರ. ಲೆಕ್ಕಕ್ಕೆ 247 ಲೀಟರ್. ಕಲ್ಲು, ಮರಳು ಕಳೆದರೆ ನೀರು ಅದಕ್ಕಿಂತ ಕಡಿಮೆಯೇ. ಒಳಗೆ ಒಂದು ಜೋಡಿ ಕ್ಲೌನ್ ಮೀನು, ಪಿಸ್ತೂಲ್ ಸೀಗಡಿಯ ಜೊತೆ ಒಂದೇ ಬಿಲದಲ್ಲಿರುವ ಹಳದಿ ವಾಚ್‌ಮನ್ ಗೋಬಿ ಮೀನು, ಆಮೇಲೆ ಒಂದು ಸಿಕ್ಸ್‌ಲೈನ್ ರಾಸ್ ಮೀನು. ತೊಂದರೆ ಇದ್ದದ್ದು ಈ ಕೊನೆಯದರಿಂದ. ನೋಡೋಕೆ ಏಳು ಸೆಂ.ಮೀ. ಮೀನು, ಆದರೆ ಒಂದು ವರ್ಷದಿಂದ ಇಡೀ ಕಲ್ಲಿನ ಗುಡ್ಡ ಅದರದ್ದೇ. ಸಾಧು ಮೀನುಗಳನ್ನು ಮೊದಲು ಬಿಟ್ಟು, ಜಗಳಗಂಟ ಮೀನನ್ನು ಎಲ್ಲಕ್ಕಿಂತ ಕೊನೆಗೆ ಬಿಡಬೇಕು. ನಾನು ಗ್ರಾಮಾಕ್ಕಿಂತ ಮೊದಲೇ ಸಿಕ್ಸ್‌ಲೈನ್ ತಂದುಬಿಟ್ಟಿದ್ದೆ. ಮುಂದೆ ಆದದ್ದಕ್ಕೆಲ್ಲ ಅದೇ ಮೂಲ.

ದಿನ 1 ರಿಂದ 30: ಕ್ವಾರಂಟೈನ್

40 ಲೀಟರಿನ ಬರೀ ಗಾಜಿನ ಟ್ಯಾಂಕ್. ಮರಳಿಲ್ಲ, ಕಲ್ಲಿಲ್ಲ. ಹೀಟರ್, ಸ್ಪಂಜ್ ಫಿಲ್ಟರ್, ಅಡಗಲು ಎರಡು ಪಿವಿಸಿ ಎಲ್ಬೋ. ಸ್ಪಂಜನ್ನು ಒಂದು ತಿಂಗಳು ಮುಂಚೆಯೇ ದೊಡ್ಡ ತೊಟ್ಟಿಯ ಸಂಪಿನಲ್ಲಿ, ಅಂದರೆ ಅದರ ನೀರು ಸೋಸುವ ಪಕ್ಕದ ಟ್ಯಾಂಕಿನಲ್ಲಿ, ಹಾಕಿಟ್ಟಿದ್ದೆ. ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಅದರಲ್ಲಿ ಕೂತಿದ್ದರಿಂದ ಅಮೋನಿಯಾ ಏರಲಿಲ್ಲ.

ಮೀನು ಬರುವ ಕವರಿನ ನೀರಿನ ಉಪ್ಪಿನ ಅಂಶ ಎಷ್ಟು ಅಂತ ಮೊದಲೇ ಕೇಳಿ, ಟ್ಯಾಂಕನ್ನೂ ಅದೇ ಮಟ್ಟಕ್ಕೆ, ಅಂದರೆ ಉಪ್ಪುನೀರಿನ ಸಾಂದ್ರತೆ 1.022ಕ್ಕೆ ಇಳಿಸಿದ್ದೆ. ಅದಕ್ಕೆ ಕಾರಣ ಇದೆ. ದೂರದಿಂದ ಬಂದ ಕವರಿನಲ್ಲಿ ಮೀನು ಬಿಟ್ಟ ಅಮೋನಿಯಾ ತುಂಬಿರುತ್ತದೆ. ಜೊತೆಗೆ ಕಾರ್ಬನ್ ಡೈಆಕ್ಸೈಡ್ ಕೂಡ ಇರುವುದರಿಂದ ಪಿಎಚ್ ಕಡಿಮೆ ಇದ್ದು, ಆ ಅಮೋನಿಯಾ ಅಷ್ಟು ವಿಷವಾಗುವುದಿಲ್ಲ. ಕವರ್ ಬಿಚ್ಚಿದ ಕೂಡಲೇ ಗಾಳಿ ಆಡಿ ಪಿಎಚ್ ಏರುತ್ತದೆ, ಅಮೋನಿಯಾ ವಿಷವಾಗುತ್ತದೆ. ಆ ನೀರಿನಲ್ಲೇ ಮೀನನ್ನು ಇಟ್ಟು ಗಂಟೆಗಟ್ಟಲೆ ಹನಿ ಹನಿ ಹೊಸ ನೀರು ಬಿಡುವುದು ಅದಕ್ಕೆ ಒಳ್ಳೆಯದಲ್ಲ. ನಾನು ಕವರನ್ನು ಮುಚ್ಚಿದ ಹಾಗೇ ಟ್ಯಾಂಕಿನಲ್ಲಿ ತೇಲಿಬಿಟ್ಟು, ಶಾಖ ಸಮ ಆದಮೇಲೆ ಮೀನನ್ನಷ್ಟೇ ಎತ್ತಿ ಬಿಟ್ಟೆ. ಆಮೇಲೆ ವಾರದಲ್ಲಿ ನಿಧಾನವಾಗಿ 1.025ಕ್ಕೆ ಏರಿಸಿದೆ.

ಮೊದಲ ಎರಡು ದಿನ ಮೀನು ಕಾಣಲೇ ಇಲ್ಲ. ಮೂರನೇ ದಿನ ಟಾರ್ಚ್ ಹಿಡಿದು ಎಲ್ಬೋ ಒಳಗೆ ನೋಡಿದೆ. ಪೈಪಿನ ಮೇಲ್ಛಾವಣಿಗೆ ಹೊಟ್ಟೆ ಒತ್ತಿಕೊಂಡು ತಲೆಕೆಳಗಾಗಿ ನಿಂತಿತ್ತು. ಗ್ರಾಮಾಗಳು ಇರುವುದೇ ಹಾಗೆ, ಗುಹೆಯ ಛಾವಣಿಯೇ ಅವಕ್ಕೆ ನೆಲ. ಸಂಜೆ ಹೊತ್ತಿಗೆ ಮೈಸಿಸ್ (ಸೀಗಡಿಯಂಥ ಪುಟ್ಟ ಜೀವಿ, ಮೀನಿನ ಊಟ) ತಿನ್ನಲು ಹೊರಗೆ ಬಂತು.

ಮೂವತ್ತು ದಿನ ಜಾಸ್ತಿ ಆಯ್ತಲ್ವಾ ಅಂತ ಅನಿಸಬಹುದು. ಮರೈನ್ ಇಚ್ ಎಂಬ ಪರಾವಲಂಬಿ ರೋಗದಲ್ಲಿ ಮೀನಿನ ಮೈಮೇಲೆ ಏಳುವ ಬಿಳಿ ಚುಕ್ಕೆಗಳು ಕೆಲವು ದಿನದಲ್ಲಿ ತಾವಾಗೇ ಉದುರುತ್ತವೆ. ವಾಸಿ ಆಯಿತು ಅಂತ ಸಮಾಧಾನ ಆಗುತ್ತದೆ. ಆದರೆ ಉದುರಿದ ಪರಾವಲಂಬಿ ತಳದಲ್ಲಿ ಚಿಪ್ಪು ಕಟ್ಟಿಕೊಂಡು, ಒಂದು ನೂರಾಗಿ ಒಡೆದು, ಮತ್ತೆ ಮೀನನ್ನು ಹುಡುಕಿಕೊಂಡು ಬರುತ್ತದೆ. ದೊಡ್ಡ ತೊಟ್ಟಿಗೆ ಅದು ಸೇರಿದರೆ ಹವಳ, ಸೀಗಡಿ ಇರುವ ಕಡೆ ತಾಮ್ರದ ಔಷಧಿ ಹಾಕುವಂತಿಲ್ಲ. ಅದಕ್ಕೇ ಇದೊಂದು ವಿಷಯದಲ್ಲಿ ನಾನು ಅವಸರ ಮಾಡುವುದಿಲ್ಲ.

ದಿನ 31 ರಿಂದ 35: ಪೆಟ್ಟಿಗೆಯಲ್ಲಿ

ಹೊಸ ಮೀನು ಹಳಬರಿಗೆ ಒಗ್ಗಿಕೊಳ್ಳಲಿ ಅಂತ ಅದನ್ನಿಡುವ, ತೂತುಗಳಿರುವ ಅಕ್ರಿಲಿಕ್ ಅಕ್ಲಿಮೇಷನ್ ಬಾಕ್ಸನ್ನು ದೊಡ್ಡ ತೊಟ್ಟಿಯೊಳಗೆ, ಕ್ಲೌನ್ ಜೋಡಿಯ ಮೂಲೆಯಿಂದ ದೂರಕ್ಕೆ ತೂಗುಹಾಕಿದೆ. ಕ್ಲೌನ್‌ಗಳು ಒಂದು ಸಲ ಬಂದು ನೋಡಿ ಹೋದವು. ಸಿಕ್ಸ್‌ಲೈನ್ ಹಾಗಲ್ಲ. ಪೆಟ್ಟಿಗೆಯ ಗೋಡೆಗೆ ಮೂತಿ ತಾಗಿಸಿ ಉದ್ದಕ್ಕೂ ಗಸ್ತು ಹೊಡೆಯಿತು. ಮೊದಲ ದಿನ ಹತ್ತು ನಿಮಿಷದಲ್ಲಿ 23 ಸಲ ನುಗ್ಗಿದ್ದನ್ನು ಎಣಿಸಿದೆ. ಐದನೇ ದಿನ ಅದು 4ಕ್ಕೆ ಇಳಿದಿತ್ತು. ಸಾಕು ಅನಿಸಿತು.

ದಿನ 36, 37: ಓಟ

ಲೈಟ್ ಆರಿದ ಮೇಲೆ ಪೆಟ್ಟಿಗೆಯ ಬಾಗಿಲು ತೆಗೆದೆ. ರಾತ್ರಿ ಏನೂ ಆಗಲಿಲ್ಲ. ಬೆಳಗ್ಗೆ ಎದ್ದು ನೋಡಿದರೆ ಗ್ರಾಮಾ ಮೇಲಿನ ಮೂಲೆಯಲ್ಲಿ, ನೀರು ವಾಪಸ್ ಬರುವ ಪೈಪಿನ ಹಿಂದೆ ಅಂಟಿಕೊಂಡಿತ್ತು. ಗುಹೆಯ ಮೀನು ನೀರಿನ ಮೇಲ್ಮೈಗೆ ಬಂದು ನಿಂತಿದೆ ಎಂದರೆ ಕೆಳಗೆ ಅದಕ್ಕೆ ಕಾಲೂರಲು ಜಾಗ ಇಲ್ಲ ಅಂತಲೇ ಅರ್ಥ. ಬಾಲದ ರೆಕ್ಕೆ ಎರಡು ಕಡೆ ಸೀಳಿತ್ತು. ಕಿವಿರು ಪಟಪಟ ಬಡಿದುಕೊಳ್ಳುತ್ತಿತ್ತು. ನನಗೆ ನಿಜಕ್ಕೂ ಸಂಕಟ ಆಯಿತು.

ಗಾಜಿನ ಹೊರಗೆ, ಇನ್ನೊಂದು ತುದಿಗೆ ಕನ್ನಡಿ ಅಂಟಿಸಿದೆ. ಸಿಕ್ಸ್‌ಲೈನ್ ತನ್ನ ಬಿಂಬದ ಜೊತೆ ಮಧ್ಯಾಹ್ನದವರೆಗೆ ಜಗಳ ಆಡಿತು, ಆಮೇಲೆ ಬಿಟ್ಟು ಗ್ರಾಮಾ ಕಡೆ ಹೊರಟಿತು. ಊಟವನ್ನು ಎರಡು ತುದಿಯಲ್ಲಿ ಹಾಕಿದೆ. ಗ್ರಾಮಾ ಮೂಲೆ ಬಿಟ್ಟು ಬರಲೇ ಇಲ್ಲ.

ದಿನ 38 ರಿಂದ 41: ಯಾರನ್ನು ಎತ್ತಬೇಕು?

ಏಟು ತಿಂದ ಮೀನನ್ನು ವಾಪಸ್ ಕ್ವಾರಂಟೈನಿಗೆ ಹಾಕೋಣ ಅಂತ ಬಲೆ ಕೈಗೆತ್ತಿಕೊಂಡೆ. ಆಗ ಯೋಚನೆ ಬಂತು. ಗಾಯ ಮಾಗಿದ ಮೇಲೆ ಮತ್ತೆ ಬಿಟ್ಟರೆ ಅದು ಮತ್ತೆ ಹೊಸಬನೇ. ಸಿಕ್ಸ್‌ಲೈನ್ ಮಾತ್ರ ಒಮ್ಮೆ ಓಡಿಸಿ ಗೆದ್ದ ಹಳಬ. ಎತ್ತಬೇಕಾದ್ದು ಹಳಬನನ್ನು. ಮನೆ ಯಾರದ್ದು ಎಂಬ ಲೆಕ್ಕ ಬದಲಾಗಬೇಕಾದರೆ ಅದೊಂದೇ ದಾರಿ.

ಮೂಲೆಯಲ್ಲಿದ್ದ ಗ್ರಾಮಾ ಬಲೆಗೆ ಸುಲಭವಾಗಿ ಸಿಕ್ಕಿತು. ಸದ್ಯಕ್ಕೆ ಅದನ್ನು ಅದೇ ಪೆಟ್ಟಿಗೆಯಲ್ಲಿಟ್ಟೆ, ಅಲ್ಲಿ ಸುರಕ್ಷಿತ. ಕಲ್ಲಿನ ಸಂದಿಯಲ್ಲಿ ಬದುಕುವ ಸಿಕ್ಸ್‌ಲೈನನ್ನು ಬಲೆಯಲ್ಲಿ ಹಿಡಿಯುವ ಮಾತೇ ಇಲ್ಲ. ಪ್ಲಾಸ್ಟಿಕ್ ಬಾಟಲಿಯ ಕುತ್ತಿಗೆ ಕತ್ತರಿಸಿ, ತಿರುಗಿಸಿ ಒಳಗೆ ಸಿಕ್ಕಿಸಿ, ತಳದಲ್ಲಿ ಮೈಸಿಸ್ ಇಟ್ಟೆ. ಉಳಿದ ಕಡೆ ಊಟ ಕಡಿಮೆ ಮಾಡಿದೆ. ಮೊದಲ ದಿನ ಕ್ಲೌನ್ ಹೊಕ್ಕಿತು, ಬಿಟ್ಟೆ. ಎರಡನೇ ದಿನ ಸಿಕ್ಸ್‌ಲೈನ್ ಬಾಯಿಯವರೆಗೆ ಬಂದು, ಕೆಂಪು ಕಣ್ಣು ತಿರುಗಿಸಿ ಒಳಗೆಲ್ಲ ನೋಡಿ, ಹಿಂದೆ ಸರಿಯಿತು. 41ನೇ ದಿನ ಬೆಳಗ್ಗೆ, ಹಸಿದ ಹೊತ್ತಲ್ಲಿ ಒಳಗೆ ಹೋಯಿತು.

ಅದೇ ಕ್ಷಣ ಅದಲು ಬದಲು. ಸಿಕ್ಸ್‌ಲೈನ್ ಪೆಟ್ಟಿಗೆಗೆ, ಗ್ರಾಮಾ ಹೊರಗೆ. ಮಲಗಲು ಒಂದು ತುಂಡು ಪಿವಿಸಿ ಪೈಪನ್ನೂ ಪೆಟ್ಟಿಗೆಗೆ ಹಾಕಿದೆ. ಹವಳ ಕೂರಿಸದ ಎರಡು ಕಲ್ಲುಗಳನ್ನು ಜಾಗ ಬದಲಿಸಿದೆ. ಅದರಲ್ಲೊಂದು ಸಿಕ್ಸ್‌ಲೈನ್ ರಾತ್ರಿ ಮಲಗುತ್ತಿದ್ದ ಸಂದಿ.

ದಿನ 42 ರಿಂದ 50

ಎರಡನೇ ದಿನಕ್ಕೆ ಗ್ರಾಮಾ ಎಡಗಡೆ ಕೆಳಗಿನ ಒಂದು ತೂತನ್ನು ಹಿಡಿಯಿತು. ವಾರದಲ್ಲಿ ಅದರ ಬಾಯಿಯ ಮುಂದೆ ಒಂದು ಗೇಣಿನಷ್ಟು ಜಾಗ ಅದರದ್ದಾಯಿತು. ಕ್ಲೌನ್ ಹತ್ತಿರ ಬಂದಾಗ ಬಾಯಿ ಅಗಲಿಸಿ ಹೆದರಿಸಿದ್ದನ್ನು ಮೊದಲ ಸಲ ನೋಡಿದೆ. ಅಷ್ಟು ದಿನ ಮುದುಡಿಕೊಂಡಿದ್ದ ಮೀನು! ಕೂಗಬೇಕು ಅನಿಸಿತು.

ದಿನ 51

ಲೈಟ್ ಆರುವ ಮುಂಚೆ ಎಲ್ಲರಿಗೂ ಹೊಟ್ಟೆ ತುಂಬಾ ಹಾಕಿ, ಸಿಕ್ಸ್‌ಲೈನನ್ನು ಬಿಟ್ಟೆ. ಅದು ನೇರ ತನ್ನ ಹಳೆಯ ಸಂದಿ ಇದ್ದ ಕಡೆ ಹೋಯಿತು. ಸಂದಿ ಇಲ್ಲ. ಸುತ್ತಿ ಸುತ್ತಿ ಹುಡುಕಿತು. ಮಾರನೆಯ ಬೆಳಗ್ಗೆ ಗ್ರಾಮಾ ಕಡೆ ಮೂರು ಸಲ ನುಗ್ಗಿತು. ಗ್ರಾಮಾ ಓಡಲಿಲ್ಲ. ತೂತಿನ ಬಾಯಲ್ಲೇ ನಿಂತು ಬಾಯಿ ತೆರೆಯಿತು. ಸಿಕ್ಸ್‌ಲೈನ್ ತಿರುಗಿ ಹೋಯಿತು.

ದಿನ 62, ಇವತ್ತು

ಬಾಲದ ಒಂದು ಸೀಳು ಪೂರ್ತಿ ಕೂಡಿದೆ. ಇನ್ನೊಂದರಲ್ಲಿ ಹೊಸ ರೆಕ್ಕೆ ಗಾಜಿನ ಹಾಗೆ ಪಾರದರ್ಶಕವಾಗಿ ಬೆಳೆಯುತ್ತಿದೆ, ಹಳದಿ ಇನ್ನೂ ಏರಿಲ್ಲ. ದಿನಕ್ಕೆ ಒಂದೆರಡು ಸಲ ಸಿಕ್ಸ್‌ಲೈನ್ ಸುಮ್ನೆ ಕೆಣಕುತ್ತದೆ, ಅಷ್ಟೇ. ಊಟ ಇನ್ನೂ ಎರಡು ಕಡೆ ಹಾಕುತ್ತಿದ್ದೇನೆ. ಮೇಲಿನ ಬಲೆಯ ಮುಚ್ಚಳ ಒಂದು ನಿಮಿಷವೂ ತೆಗೆದಿಡುವುದಿಲ್ಲ. ಅಟ್ಟಿಸಿಕೊಂಡು ಬಂದರೆ ಮೀನು ಹಾರುವುದು ಹೊರಕ್ಕೇ. ಖಾಲಿ ಪೆಟ್ಟಿಗೆ ಇನ್ನೂ ತೊಟ್ಟಿಯಲ್ಲೇ ತೂಗುತ್ತಿದೆ. ಇನ್ನೆರಡು ವಾರ ಅಲ್ಲೇ ಇರಲಿ.