ಆಂಥಮ್‌ಗೆ ಆರ್ಕೆಸ್ಟ್ರಾ ಬೇಕೇ?

21 ಡಿಸೆಂಬರ್ 2024, ಶನಿವಾರ

1662ರಲ್ಲಿ ಇದೇ ತಾರೀಖಿನಂದು ಇಂಗ್ಲೆಂಡಿನ ಜಾನ್ ಎವೆಲಿನ್ ತನ್ನ ದಿನಚರಿಯಲ್ಲಿ ಒಂದು ದೂರು ಬರೆದಿಟ್ಟಿದ್ದಾನೆ. ಎರಡನೇ ಚಾರ್ಲ್ಸ್ ರಾಜನ ಚಾಪೆಲ್‌ನಲ್ಲಿ (ಪ್ರಾರ್ಥನಾ ಮಂದಿರದಲ್ಲಿ) ಹಾಡು ನಿಂತಾಗಲೆಲ್ಲ 24 ವಯಲಿನ್‌ಗಳು ಫ್ರೆಂಚರ ಧಾಟಿಯಲ್ಲಿ ನುಡಿದವಂತೆ. ಆರ್ಗನ್ ಜೊತೆ ಊದುತ್ತಿದ್ದ ಹಳೆಯ ಗಂಭೀರ ವಾದ್ಯಗಳು ಹೋದವು, ಇದು ಹೆಂಡದಂಗಡಿಗೋ ನಾಟಕಶಾಲೆಗೋ ಸರಿ, ಚರ್ಚಿಗಲ್ಲ ಎಂಬುದು ಅವನ ಸಿಟ್ಟು.

ಇವತ್ತೆಲ್ಲ ಆರ್ಕೆಸ್ಟ್ರಾ ಇರುವ ಆಂಥಮ್‌ಗಳನ್ನೇ, ಅಂದರೆ ಚರ್ಚಿನ ಗೀತೆಗಳನ್ನೇ, ಕೇಳಿದೆ. ಎವೆಲಿನ್ ಮಾತನ್ನು ಒಪ್ಪಲು ನನಗೆ ಆಗುತ್ತಿಲ್ಲ.

ಇಂಗ್ಲೆಂಡಿನ ಚರ್ಚ್ ಪರಂಪರೆಯ ಆಂಗ್ಲಿಕನ್ ಚರ್ಚುಗಳಲ್ಲಿ ಕಾಯರ್ (ಗಾಯಕರ ತಂಡ) ಹಾಡುವ ಗೀತೆಯೇ ಆಂಥಮ್. ಮಾತುಗಳು ಹೆಚ್ಚಾಗಿ ಬೈಬಲ್‌ನವು. ಮಾಮೂಲಿ ದಿನಗಳಲ್ಲಿ ಆರ್ಗನ್ ಒಂದಿದ್ದರೆ ಸಾಕು, ಕೆಲವಕ್ಕೆ ಅದೂ ಬೇಡ. ಪೂರ್ತಿ ಆರ್ಕೆಸ್ಟ್ರಾ ಬರುವುದು ಪಟ್ಟಾಭಿಷೇಕದಂಥ ದೊಡ್ಡ ದಿನಗಳಿಗೆ. ಚಾರ್ಲ್ಸ್ ತಂದ ವಯಲಿನ್‌ಗಳು ಸುಮ್ನೆ ಹೋಗಲಿಲ್ಲ. ಅದೇ ಚಾಪೆಲ್‌ನಲ್ಲಿ ಹುಡುಗನಾಗಿ ಹಾಡಿದ ಸಂಗೀತಕಾರ ಪರ್ಸೆಲ್, 1685ರಲ್ಲಿ ಎರಡನೇ ಜೇಮ್ಸ್‌ನ ಪಟ್ಟಾಭಿಷೇಕಕ್ಕೆ ತಂತಿವಾದ್ಯಗಳ ಜೊತೆ ಎಂಟು ದನಿಗಳ (ಎಂಟು ಬೇರೆ ಬೇರೆ ಗಾಯನ ಭಾಗಗಳ) ಆಂಥಮ್ ಬರೆದ.

ಆದರೆ ನನ್ನ ಮಟ್ಟಿಗೆ ಎವೆಲಿನ್‌ಗೆ ಸರಿಯಾದ ಉತ್ತರ ಕೊಟ್ಟವನು ಸಂಗೀತಕಾರ ಹ್ಯಾಂಡೆಲ್. 1727ರಲ್ಲಿ ಎರಡನೇ ಜಾರ್ಜ್‌ಗೆ ಬರೆದ 'ಜೇಡಾಕ್ ದ ಪ್ರೀಸ್ಟ್' ಅಂದಿನಿಂದ ಪ್ರತಿ ಪಟ್ಟಾಭಿಷೇಕದಲ್ಲೂ ಇದೆ, 2023ರಲ್ಲೂ ಇತ್ತು. ಬೈಬಲ್‌ನಲ್ಲಿ ಯಾಜಕನಾದ ಚಾದೋಕನೂ (ಇಂಗ್ಲಿಷಿನಲ್ಲಿ ಜೇಡಾಕ್) ಪ್ರವಾದಿ ನಾತಾನನೂ ಸೊಲೊಮೋನನಿಗೆ ಅಭಿಷೇಕ ಮಾಡಿದ ಕಥೆ ಅದು. ಮೊದಲ ಒಂದೂವರೆ ನಿಮಿಷದಷ್ಟು ಹೊತ್ತು ಯಾರೂ ಹಾಡುವುದಿಲ್ಲ. ವಯಲಿನ್‌ಗಳು ಮೆಲ್ಲಗೆ ಸ್ವರಗಳನ್ನು ಬಿಡಿಸುತ್ತಾ ಹೋಗುತ್ತವೆ. ಟ್ರಂಪೆಟ್, ಡ್ರಮ್ ಬಾಯಿ ಬಿಡುವುದಿಲ್ಲ. ಕೃತಿಗೆ ಮುಂಚೆ ರಾಗ ಆಲಾಪನೆ ಮಾಡಿದ ಹಾಗೆ, ಮಾತು ಬರುವ ಮೊದಲೇ ಮನಸ್ಸು ಸಿದ್ಧವಾಗುತ್ತದೆ. ಆಮೇಲೆ ಏಳು ದನಿಗಳ ಕಾಯರ್, ಟ್ರಂಪೆಟ್, ಡ್ರಮ್ ಎಲ್ಲ ಒಟ್ಟಿಗೆ! ಎಷ್ಟು ಸಲ ಕೇಳಿದರೂ ಮೈ ಜುಮ್ಮೆನ್ನುತ್ತದೆ. ಆರ್ಗನ್ ಒಂದೇ ಇರುವ ರೆಕಾರ್ಡಿಂಗ್‌ನಲ್ಲಿ ಈ ಕಾಯುವಿಕೆ ಅಷ್ಟು ಬಿಗಿಯಾಗಿ ಬರುವುದಿಲ್ಲ.

ಪ್ಯಾರಿಯ 'ಐ ವಾಸ್ ಗ್ಲಾಡ್' ಬಗ್ಗೆ ಅಷ್ಟು ಖಚಿತವಾಗಿ ಹೇಳಲಾರೆ. ಇದು ಬೈಬಲ್‌ನ 122ನೇ ಕೀರ್ತನೆ. 1902ರಲ್ಲಿ ಏಳನೇ ಎಡ್ವರ್ಡ್‌ಗಾಗಿ ಬರೆದದ್ದು, 1911ರಲ್ಲಿ ಅದಕ್ಕೆ ಹೊಸ ಪೀಠಿಕೆ ಬಂತು. ರಾಜ ಒಳಗೆ ನಡೆದು ಬರುವಾಗ ಹಾಡುವಂಥದ್ದು. 1902ರಲ್ಲಿ ಅವನು ಬರುವ ಮೊದಲೇ ಹಾಡು ಮುಗಿದುಹೋಗಿ, ಮತ್ತೆ ಹಾಡಬೇಕಾಯಿತು. ಶುರುವಿನ ಅಬ್ಬರಕ್ಕೆ ಆರ್ಕೆಸ್ಟ್ರಾ ಬೇಕೇ ಬೇಕು. ಆದರೆ ಕೆಲವು ರೆಕಾರ್ಡಿಂಗ್‌ಗಳಲ್ಲಿ ಹಿತ್ತಾಳೆ ವಾದ್ಯಗಳ ಸದ್ದು ಜಾಸ್ತಿಯಾಗಿ ಮಾತೇ ಕೇಳಿಸುವುದಿಲ್ಲ. ಜೆರುಸಲೇಮಿನ ಶಾಂತಿಗಾಗಿ ಪ್ರಾರ್ಥಿಸಿ ಎನ್ನುವ ನಡುವಿನ ಭಾಗ ನನಗೆ ಆರ್ಗನ್ ಜೊತೆಗೇ ಇಷ್ಟ. ಅಲ್ಲಿ ಮಾತು ಮುಖ್ಯ ಅಲ್ವಾ?

ಎಲ್ಗರ್ 1914ರಲ್ಲಿ ಸೇಂಟ್ ಪಾಲ್ಸ್ ಕೆಥೆಡ್ರಲ್‌ನ ಉತ್ಸವಕ್ಕೆ ಬರೆದ 'ಗಿವ್ ಅಂಟು ದ ಲಾರ್ಡ್' 29ನೇ ಕೀರ್ತನೆ. ದೇವರ ದನಿ ದೇವದಾರು ಮರಗಳನ್ನೇ ಮುರಿಯುತ್ತದೆ ಎನ್ನುವ ಸಾಲಿಗೆ ಆರ್ಕೆಸ್ಟ್ರಾ ಇರಲೇಬೇಕು.

ಹೊಸದಾಗಿ ಕೇಳುವವರು ಹ್ಯಾಂಡೆಲ್‌ನಿಂದಲೇ ಶುರು ಮಾಡಿ. ದಯವಿಟ್ಟು ಮೊದಲ ಒಂದೂವರೆ ನಿಮಿಷವನ್ನು ಮುಂದಕ್ಕೆ ಓಡಿಸಬೇಡಿ.